ಹದಿನೇಳರ ಮಗ್ಗಿಯ ವೇಗ: ಗೆಳೆಯನಿಗೊಂದು ಪತ್ರ

ಕೋಥ್ರೂಡ್, ಪುಣೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಲವತ್ತಾರು ದಾಟಿದ ಮೇಲೆ ಓಡಲು ಶುರು ಮಾಡಿದ್ದೀಯ. ಬೆಳಗ್ಗೆ ಎದ್ದು ಕೆಲಗೇರಿ ಕೆರೆಯವರೆಗೆ ಹೋಗಿ ಬರುತ್ತೀಯ. ಮೂರನೆಯ ವಾರಕ್ಕೇ ಮೀನಖಂಡ ಹಿಡಿದುಕೊಂಡಿದೆ, ಆದರೂ ನನ್ನಿಂದ ಹದಿನಾರು ವಾರಗಳ ತರಬೇತಿ ಪಟ್ಟಿ ಬೇಕು ಎನ್ನುತ್ತೀಯ. 'ಹಾಫ್ ಮ್ಯಾರಥಾನ್ ಓಡಿದವನು ನೀನು, ನಿನಗೆ ಗೊತ್ತಿರುತ್ತದೆ' ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಸಾಲಿನಿಂದಾಗಿಯೇ ಈ ಉತ್ತರವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಹಾಕುತ್ತಿದ್ದೇನೆ. ಹೋದ ಡಿಸೆಂಬರಿನ ಆ ಇಪ್ಪತ್ತೊಂದು ಕಿಲೋಮೀಟರಿನ ಓಟವನ್ನು ನಾನು ಮುಗಿಸಲಿಲ್ಲ.

ಅಂದು ಬೆಳಗಿನ ಐದು ಗಂಟೆಗೆ, ಎದೆಯ ಮೇಲೆ ನಂಬರ್ ಅಂಟಿಸಿಕೊಂಡು, ಚಳಿಗೆ ಹಲ್ಲು ಕಡಿಯುತ್ತಾ ತೆಗೆಸಿಕೊಂಡ ಫೋಟೋವನ್ನು ನಮ್ಮ ಶಾಲೆಯ ಗುಂಪಿಗೆ ಕಳುಹಿಸಿದ್ದೆ. ನೀವೆಲ್ಲ 'ಭಲೇ' ಎಂದಿರಿ. ಒಬ್ಬ 'ಧಾರವಾಡದ ಕೀರ್ತಿ' ಎಂದ. ಓಟಕ್ಕೆ ಮೊದಲು ತೆಗೆದ ಫೋಟೋ ಅದು ಎಂದು ನಾನು ಹೇಳಲಿಲ್ಲ, ನೀವು ಕೇಳಲಿಲ್ಲ. ಸುಳ್ಳು ಹೇಳಿದ್ದಲ್ಲ, ಸುಳ್ಳಿಗೆ ಕೂರಲು ಜಾಗ ಕೊಟ್ಟೆ, ಅಷ್ಟೇ.

ನಡೆದದ್ದು ಹೀಗೆ. ಹತ್ತನೆಯ ಕಿಲೋಮೀಟರಿನವರೆಗೆ ರಾಜನ ಹಾಗೆ ಓಡಿದೆ. ಹನ್ನೊಂದರಲ್ಲಿ ಬಲ ಹಿಮ್ಮಡಿಯೊಳಗೆ ಯಾರೋ ಮೊಳೆ ಇಟ್ಟ ಹಾಗಾಯಿತು. ಹದಿಮೂರರಲ್ಲಿ ಆ ಮೊಳೆಯ ಮೇಲೆ ಸುತ್ತಿಗೆ ಬೀಳತೊಡಗಿತು. ಹದಿನಾಲ್ಕು ಕಳೆದ ಮೇಲೆ ಸಿಂಹಗಡ ರಸ್ತೆಯ ಬದಿಯಲ್ಲಿ, ಬಾಗಿಲು ತೆರೆಯದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತುಬಿಟ್ಟೆ. ಎದುರಿಗೆ ಜನ ಹೋಗುತ್ತಲೇ ಇದ್ದರು. ನಾನು ಹಿಂದೆ ಹಾಕಿ ಬಂದಿದ್ದ ಹಸಿರು ಟೋಪಿಯ ಹುಡುಗಿ ಹೋದಳು, ಶಿವಾಜಿಯ ವೇಷ ಹಾಕಿಕೊಂಡವನೊಬ್ಬ ಹೋದ, ಅವನ ಕತ್ತಿಯೂ ನನಗಿಂತ ಮುಂದೆ ಹೋಯಿತು. ಕಡೆಗೆ ಆಟೋ ಹಿಡಿದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ನಂಬರ್ ನೋಡಿ "ಓಟ ಮುಗಿಯಿತೇ?" ಎಂದು ಮರಾಠಿಯಲ್ಲಿ ಕೇಳಿದ. "ನನ್ನದು ಮುಗಿಯಿತು" ಎಂದೆ. ಮೀಟರಿನಷ್ಟೇ ದುಡ್ಡು ತೆಗೆದುಕೊಂಡ. (ಪುಣೆಯಲ್ಲಿ ಇದ್ದವರಿಗೆ ಮಾತ್ರ ಈ ವಾಕ್ಯದ ತೂಕ ತಿಳಿಯುತ್ತದೆ.) ನನ್ನ ಜೇಬಿನಲ್ಲಿ ಮನೆಯ ಕೀಲಿಕೈ, ಅರ್ಧ ಕರಗಿದ ಎರಡು ಖರ್ಜೂರ ಬಿಟ್ಟರೆ ಬೇರೇನೂ ಇರಲಿಲ್ಲ. ಹೆಂಡತಿ ಕೆಳಗಿಳಿದು ಬಂದು ಹಣ ಕೊಟ್ಟಳು. ಗೇಟಿನ ಕಾವಲುಗಾರ ಎದ್ದು ನಿಂತು ಅಭಿನಂದಿಸಿದ. ಅವನಿಗೂ ನಾನು ಏನೂ ಹೇಳಲಿಲ್ಲ.

ತಪ್ಪು ನಡೆದದ್ದು ಆ ದಿನವಲ್ಲ. ಅಕ್ಟೋಬರಿನಲ್ಲಿಯೇ ನಡೆದು ಹೋಗಿತ್ತು. ವಾರಕ್ಕೆ ಇಪ್ಪತ್ತೈದು ಕಿಲೋಮೀಟರ್ ಓಡುತ್ತಿದ್ದವನು ಮೂರೇ ವಾರಗಳಲ್ಲಿ ನಲವತ್ತಕ್ಕೆ ಏರಿಸಿದೆ. ಮಳೆ ನಿಂತಿತ್ತು, ಹವೆ ತಂಪಾಗಿತ್ತು, ಹುಮ್ಮಸ್ಸು ಬಂದಿತ್ತು. ಜೊತೆಗೆ ಕೈಗೆ ಹೊಸ ವಾಚು ಬೇರೆ. ಅದು ಪ್ರತಿ ಓಟವನ್ನೂ ಸ್ಟ್ರಾವಾ ಎಂಬ ಓಟಗಾರರ ಆ್ಯಪ್‌ಗೆ ಏರಿಸುತ್ತಿತ್ತು, ನಾಲ್ಕು ಜನ ನೋಡುತ್ತಿದ್ದರು. ನಾಲ್ಕು ಜನ ನೋಡುತ್ತಾರೆ ಎಂದಮೇಲೆ ಕಿಲೋಮೀಟರಿಗೆ ಏಳೂವರೆ ನಿಮಿಷ ಎಂದು ಹೇಗೆ ತೋರಿಸಲಿ? ಆದ್ದರಿಂದ ನಿಧಾನವಾಗಿ ಓಡಬೇಕಾದ ದಿನವೂ ಆರೂ ಕಾಲರಲ್ಲಿ ಓಡಿದೆ. ಜೋರಾಗಿ ಓಡಬೇಕಾದ ದಿನ ಕಾಲಲ್ಲಿ ಜೀವವೇ ಇರುತ್ತಿರಲಿಲ್ಲ, ಅಂದೂ ಆರೂ ಕಾಲು. ವಾರದ ಎಲ್ಲ ದಿನಗಳೂ ಒಂದೇ ಬಣ್ಣ. ಸಿಗ್ನಲ್ ಬಳಿ ನಿಂತಾಗ ವಾಚನ್ನು ನಿಲ್ಲಿಸಿ, ಹೊರಟಾಗ ಮತ್ತೆ ಒತ್ತುವ ಕಲೆಯನ್ನೂ ಕಲಿತಿದ್ದೆ.

ನಿನಗೂ ಇದೇ ಆಗುತ್ತಿದೆ ಎಂಬುದು ನನ್ನ ಗುಮಾನಿ. ಎದೆ ಬೇಗ ಪಳಗುತ್ತದೆ. ಒಂದೆರಡು ತಿಂಗಳಲ್ಲಿ ಏದುಸಿರು ಕಡಿಮೆಯಾಗಿ 'ಇನ್ನೂ ಓಡಬಲ್ಲೆ' ಅನ್ನಿಸುತ್ತದೆ. ಆದರೆ ಸ್ನಾಯುರಜ್ಜುಗಳು, ಮೂಳೆಗಳು ಎಮ್ಮೆಯ ಹಾಗೆ, ತಮ್ಮದೇ ಲಯದಲ್ಲಿ ಬರುತ್ತವೆ. ಎದೆ ಮುಂದೆ ಹೋಗಿ ಕರೆಯುತ್ತದೆ, ಕಾಲು ಹಿಂದೆಯೇ ಉಳಿದಿರುತ್ತದೆ. ಹೆಚ್ಚಿನ ಪೆಟ್ಟುಗಳೆಲ್ಲ ಈ ಅಂತರದಲ್ಲಿಯೇ ಆಗುವುದು.

ನನ್ನದಕ್ಕೆ ವೈದ್ಯರು ಹೇಳಿದ ಹೆಸರು ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ, ಕಾಲಿನ ಕಮಾನನ್ನು ಹಿಡಿದಿರುವುದು ಅದೇ. ಅದು ನೊಂದುಕೊಂಡರೆ ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಪ್ರಾಣ ಬಾಯಿಗೆ ಬರುತ್ತದೆ. ಹತ್ತು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ, ಆಗ ವಾಸಿಯಾಯಿತು ಎಂದುಕೊಂಡು ಓಡಲು ಹೋಗುವ ಮೂರ್ಖರಿದ್ದಾರೆ. ನಾನು ಮೂರು ಸಲ ಹೋದೆ. ನಾಲ್ಕನೆಯ ಸಲ ವೈದ್ಯರು ಬೈದು, ಓಟ ನಿಲ್ಲಿಸಿ ಮೀನಖಂಡವನ್ನು ಎಳೆಯುವ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ಮಾಡಲು ಹೇಳಿದರು. ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಅಂಗಾಲಿನ ಕೆಳಗೆ ಉರುಳಿಸಬೇಕು. ಜನವರಿಯಿಂದ ಏಪ್ರಿಲಿನವರೆಗೆ ನನ್ನ ಕ್ರೀಡೆ ಅದೇ. ಚಪಾತಿ ಲಟ್ಟಿಸುವುದನ್ನು ಕಾಲಿನಲ್ಲಿ ಕಲಿಯುತ್ತಿದ್ದೀರಾ ಎಂದು ಮಗಳು ಕೇಳಿದಳು.

ಆ ದಿನಗಳಲ್ಲಿ, ಬಾಟಲಿ ಉರುಳಿಸುತ್ತಾ, ಫಡೆಪ್ಪ ದರೆಪ್ಪ ಚೌಗುಲೆ ಎಂಬ ಹಳೆಯ ಓಟಗಾರರ ಬಗ್ಗೆ ಓದಿದೆ. ನಿನಗೆ ಗೊತ್ತಿತ್ತೇ? ನಮ್ಮ ಬೆಳಗಾವಿಯವರು. ನಾವಿಬ್ಬರೂ ಬೆಳಗಾವಿಗೆ ಎಷ್ಟು ಸಲ ಹೋಗಿಲ್ಲ, ಎಷ್ಟು ಕುಂದಾ ತಿಂದಿಲ್ಲ. ಈ ಹೆಸರನ್ನು ಒಬ್ಬ ಮೇಷ್ಟರೂ ನಮ್ಮ ಕಿವಿಗೆ ಹಾಕಲಿಲ್ಲ. ನಾನು ದಿನವೂ ಕಚೇರಿಗೆ ಹೋಗುವ ದಾರಿಯಲ್ಲಿ ಡೆಕ್ಕನ್ ಜಿಮ್‌ಖಾನಾ ಎಂಬ ಹಳೆಯ ಕ್ರೀಡಾ ಕ್ಲಬ್ ಇದೆ. 1919ರಲ್ಲಿ ಅಲ್ಲಿನ ಕ್ರೀಡಾಕೂಟವನ್ನು ಉದ್ಯಮಿ ದೊರಾಬ್ಜಿ ಟಾಟಾ ನೋಡಿದರು. ಓಡುತ್ತಿದ್ದವರಲ್ಲಿ ಹೆಚ್ಚಿನವರು ಬರಿಗಾಲಿನ ರೈತರು, ಆದರೆ ಅವರ ವೇಳೆಗಳು ಯುರೋಪಿನವರಿಗೆ ತೀರ ದೂರವಿರಲಿಲ್ಲ. ಮರುವರ್ಷವೇ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ಗೆ ಬೆರಳೆಣಿಕೆಯ ಒಂದು ತಂಡ ಹೋಯಿತು. ಅದರಲ್ಲಿ ಚೌಗುಲೆ ಇದ್ದರು. ಮ್ಯಾರಥಾನಿನಲ್ಲಿ 19ನೆಯವರಾಗಿ ಮುಗಿಸಿದರು, 2 ಗಂಟೆ 50 ನಿಮಿಷ 45 ಸೆಕೆಂಡ್. ಆ ವರ್ಷದ ಹಾದಿ ಈಗಿನ 42.195 ಕಿಲೋಮೀಟರಿಗಿಂತ ಉದ್ದ, 42.75. ಲೆಕ್ಕ ಹಾಕಿ ನೋಡಿದೆ: ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ. ಆ ವೇಗದಲ್ಲಿ ನಾನು ನಮ್ಮ ಬಿಲ್ಡಿಂಗಿಗೆ ಎರಡು ಸುತ್ತು ಹಾಕಿದರೆ ಕಾವಲುಗಾರ ಅಭಿನಂದಿಸುವ ಬದಲು ಆ್ಯಂಬುಲೆನ್ಸ್ ಕರೆಯುತ್ತಾನೆ. ಅವರ ಕೈಯಲ್ಲಿ ವಾಚಿರಲಿಲ್ಲ, ಜೇಬಿನಲ್ಲಿ ಓಡುತ್ತಲೇ ನುಂಗುವ ಶಕ್ತಿಯ ಜೆಲ್ ಇರಲಿಲ್ಲ, 'ನಿಮ್ಮ ಫಿಟ್‌ನೆಸ್ ಕುಸಿಯುತ್ತಿದೆ' ಎಂದು ಬೆಳಗ್ಗೆ ಎದ್ದ ಕೂಡಲೇ ಹೇಳುವ ಪರದೆ ಇರಲಿಲ್ಲ. ನನ್ನದಕ್ಕೆ ಎಷ್ಟು ನಿಷ್ಠೆ ಎಂದರೆ, ಕಾಲು ಮೇಲಿಟ್ಟುಕೊಂಡು ಮಲಗಿದ್ದ ನಾಲ್ಕು ತಿಂಗಳೂ ಒಂದು ದಿನ ತಪ್ಪದೆ ಹೇಳಿತು.

ಮೇ ತಿಂಗಳಲ್ಲಿ ಮತ್ತೆ ಹೊರಟೆ, ರಸ್ತೆಗಲ್ಲ, ವೇತಾಳ ಟೇಕಡಿಗೆ. ಟೇಕಡಿ ಎಂದರೆ ಇಲ್ಲಿ ಗುಡ್ಡ. ಊರಿನ ನಡುವೆಯೇ ಇದೆ, ಮೇಲೆ ವೇತಾಳನ ಗುಡಿ, ಪಕ್ಕದಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ. ಮಳೆಗಾಲದಲ್ಲಿ ಕ್ವಾರಿಗೆ ನೀರು ತುಂಬುತ್ತದೆ, ನವಿಲುಗಳು ಅರಚುತ್ತವೆ. ಪುಣೆಯ ಅರ್ಧ ಜನ ಬೆಳಗ್ಗೆ ಅಲ್ಲಿರುತ್ತಾರೆ, ಉಳಿದ ಅರ್ಧ ಜನ ನಾಳೆಯಿಂದ ಹೋಗುತ್ತೇವೆ ಎಂದುಕೊಂಡು ಮಲಗಿರುತ್ತಾರೆ. ವೈದ್ಯರ ಷರತ್ತು ಒಂದೇ: ಓಡುವಾಗ ಪೂರ್ತಿ ವಾಕ್ಯ ಆಡಲು ಬರಬೇಕು, ಬಾರದಿದ್ದರೆ ಅದು ನಿನ್ನ ವೇಗವಲ್ಲ. ಆದರೆ ಒಬ್ಬನೇ ಓಡುವವನು ಯಾರೊಂದಿಗೆ ವಾಕ್ಯ ಆಡಬೇಕು? ಆಗ ಹೊಳೆದದ್ದು ಮಗ್ಗಿ. ಹದಿನೇಳರ ಮಗ್ಗಿ, ನೆನಪಿದೆಯಲ್ಲ, ನಾವಿಬ್ಬರೂ ಬೆಂಚಿನ ಮೇಲೆ ನಿಂತದ್ದು ಅದಕ್ಕೇ. ಹದಿನೇಳೊಂದ್ಲೆ ಹದಿನೇಳು ಎಂದು ಗಟ್ಟಿಯಾಗಿ ಶುರು ಮಾಡಿ ನೂರಾ ಎಪ್ಪತ್ತರವರೆಗೆ ಉಸಿರು ಕಡಿಯದೆ ಹೇಳಲು ಬಂದರೆ ವೇಗ ಸರಿ. ಮಧ್ಯದಲ್ಲಿ ನುಂಗಿದರೆ ನಡೆಯಬೇಕು.

ಮೊದಲ ವಾರ ಮಗ್ಗಿಗಿಂತ ನಡಿಗೆಯೇ ಹೆಚ್ಚಾಯಿತು. ವಾಚು ಕಿಲೋಮೀಟರಿಗೆ ಒಂಬತ್ತು ನಿಮಿಷ ತೋರಿಸಿತು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನಾಚಿಕೆ ಎಂಬುದು ಕಾಲಿನ ನೋವಿಗಿಂತ ದೊಡ್ಡದು ಎಂದು ಆಗ ಗೊತ್ತಾಯಿತು. ಒಂದು ದಿನ ಏರಿನಲ್ಲಿ ಓಡುತ್ತಾ 'ಹದಿನೇಳೇಳ್ಲೆ' ಎಂದು ತಡವರಿಸುತ್ತಿದ್ದೆ. ಹಿಂದಿನಿಂದ "ನೂರಾ ಹತ್ತೊಂಬತ್ತು, ತಮ್ಮಾ" ಎಂದು ಕೇಳಿಸಿತು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬಿಳಿಯ ಕ್ಯಾನ್ವಾಸ್ ಶೂ ಹಾಕಿದ್ದ ಅಜ್ಜಿಯೊಬ್ಬರು ನನ್ನನ್ನು ದಾಟಿ ನಡೆದುಕೊಂಡೇ ಮುಂದೆ ಹೋದರು. ನಡೆದುಕೊಂಡು, ನಾನು ಓಡುತ್ತಿದ್ದಾಗ! ಮೇಲೆ ಗುಡಿಯ ಕಟ್ಟೆಯ ಬಳಿ ಸಿಕ್ಕರು. ಅಕ್ಕಲಕೋಟೆಯವರು, ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ಈಗ ಮಗನ ಮನೆಯಲ್ಲಿ ಇದ್ದಾರೆ. "ಯಾವ ಊರು ನಿಮ್ಮದು? ಮಗ್ಗಿ ಇಷ್ಟು ಕಚ್ಚಾ ಇದೆ" ಎಂದರು. ಧಾರವಾಡ ಎಂದೆ. "ಧಾರವಾಡದವರೇ!" ಎಂದು ಹುಬ್ಬೇರಿಸಿದರು. ಊರಿನ ಮಾನ ಹೋದದ್ದು ಅಲ್ಲಿ, ಸಿಂಹಗಡ ರಸ್ತೆಯಲ್ಲಲ್ಲ.

ಈಗ ನಿನ್ನ ಪಟ್ಟಿಯ ವಿಷಯ. ಹದಿನಾರು ವಾರದ ಪಟ್ಟಿ ಕೊಡುವುದಿಲ್ಲ. ಮೀನಖಂಡದ ನೋವು ನಡೆಯುವಾಗಲೂ ಇದ್ದರೆ ಓಡಬೇಡ, ಕಡಿಮೆಯಾಗದಿದ್ದರೆ ತೋರಿಸಿಕೋ. ನೋವು ಹೋದ ಮೇಲೆ ಎರಡು ನಿಮಿಷ ಓಡು, ಒಂದು ನಿಮಿಷ ನಡೆ. ದಿನ ಬಿಟ್ಟು ದಿನ. ಜಾಹೀರಾತು ನೋಡಿ ಶೂ ಕೊಳ್ಳಬೇಡ, ಸಂಜೆ ಹೊತ್ತಿನಲ್ಲಿ ಹೋಗಿ ಹಾಕಿ ನೋಡು, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಬೆರಳಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ನನ್ನದು ಎರಡು ಉಗುರು ಹೋಗಿವೆ. ಬೆಳಗಿನ ಕತ್ತಲೆಯಲ್ಲಿ ಹೋಗುವುದಾದರೆ ಜೇಬಿನಲ್ಲಿ ಪಾರ್ಲೆ-ಜಿ ಇಟ್ಟುಕೋ, ನಿನಗಲ್ಲ, ನಾಯಿಗಳಿಗೆ. ಓಡುತ್ತಾ ಹೋದರೆ ಅಟ್ಟುತ್ತವೆ, ನಿಂತು ಮಾತನಾಡಿಸಿದರೆ ಹೆಚ್ಚಿನವು ಸುಮ್ಮನಾಗುತ್ತವೆ. ನಮ್ಮ ಬೀದಿಯ ಕಂದು ನಾಯಿ ಈಗ ಬಿಸ್ಕತ್ತಿಲ್ಲದೆ ಟೇಕಡಿಯ ಬುಡದವರೆಗೆ ಬಿಟ್ಟು ಬರುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಶೂಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡು. ಆ ದಿನದ ಪತ್ರಿಕೆಯನ್ನು ತುರುಕಬೇಡ, ಮನೆಯಲ್ಲಿ ನಡೆದ ಯುದ್ಧದ ಅನುಭವದಿಂದ ಹೇಳುತ್ತಿದ್ದೇನೆ.

ಒಳ್ಳೆಯ ದಿನಗಳೂ ಇವೆ, ಇಲ್ಲವೆಂದಲ್ಲ. ಜೂನಿನಲ್ಲಿ ಮೊದಲ ಮಳೆ ಬಿದ್ದ ಮರುದಿನ ಟೇಕಡಿಗೆ ಹೋಗಿದ್ದೆ. ಒಣಹುಲ್ಲಿನ ಬುಡದಿಂದ ಹಸಿರು ಇನ್ನೂ ಕಾಣಿಸಿರಲಿಲ್ಲ, ವಾಸನೆ ಮಾತ್ರ ಬಂದಿತ್ತು. ವಾಚು ಮನೆಯಲ್ಲಿತ್ತು. ಮಗ್ಗಿ ಎರಡು ಸಲ ಮುಗಿಯಿತು, ಮೂರನೆಯ ಸಲ ಶುರು ಮಾಡುವುದನ್ನು ಮರೆತೆ. ಎಷ್ಟು ದೂರ ಓಡಿದೆನೋ ಗೊತ್ತಿಲ್ಲ. ಮನೆಗೆ ಬಂದಾಗ ಹಿಮ್ಮಡಿಯ ನೆನಪೇ ಆಗಿರಲಿಲ್ಲ ಎಂಬುದು ಸ್ನಾನ ಮಾಡುವಾಗ ನೆನಪಾಯಿತು. ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿಯುವಾಗ ಅದು ಮತ್ತೆ ಚುಚ್ಚಿತು, ಸ್ವಲ್ಪ. ಈಗಲೂ ವಾರದಲ್ಲಿ ಒಂದೆರಡು ದಿನ ಚುಚ್ಚುತ್ತದೆ. ಬಾಟಲಿ ಇನ್ನೂ ಫ್ರೀಜರಿನಲ್ಲಿಯೇ ಇದೆ.

ಈ ಡಿಸೆಂಬರಿಗೆ ಹೆಸರು ಕೊಟ್ಟಿಲ್ಲ. ನೀನು ದೀಪಾವಳಿಯ ರಜೆಯಲ್ಲಿ ಬಾ. ಹುಬ್ಬಳ್ಳಿಯಿಂದ ಪುಣೆಗೆ ವಂದೇ ಭಾರತ್ ಇದೆ, ಧಾರವಾಡದಲ್ಲಿಯೇ ಹತ್ತಬಹುದು. ಒಂದು ದಿನ ಟೇಕಡಿಗೆ ಹೋಗೋಣ, ಇನ್ನೊಂದು ದಿನ ಸಿಂಹಗಡ ಹತ್ತೋಣ. ಓಡುವುದಲ್ಲ, ಹತ್ತುವುದು. ಮೇಲೆ ಜೋಳದ ಭಾಕರಿಯ ಜೊತೆ ಕಡಲೆಹಿಟ್ಟಿನ ಪಿಠಲೆ ಕೊಡುತ್ತಾರೆ. ಅದು ನಮ್ಮ ಝುಣಕವೇ ಹೌದೋ ಅಲ್ಲವೋ ಎಂಬ ಹಳೆಯ ಜಗಳವನ್ನು ಅಲ್ಲಿಯೇ ಮುಂದುವರಿಸೋಣ. ಮಣ್ಣಿನ ಕುಡಿಕೆಯಲ್ಲಿ ಮೊಸರೂ ಸಿಗುತ್ತದೆ.

ಪೇಢೆ ತರುವುದಾದರೆ ಎರಡು ಡಬ್ಬಿ ತಾ, ಒಂದು ಆ ಅಜ್ಜಿಗೆ. ಧಾರವಾಡದಿಂದ ನನ್ನ ಗೆಳೆಯನೊಬ್ಬ ಬರುತ್ತಾನೆ, ಅವನೂ ಓಡುತ್ತಾನೆ ಎಂದು ನಿನ್ನೆ ಹೇಳಿದೆ. "ಓಡಲಿ ಬಿಡಿ, ಅವನಿಗಾದರೂ ಮಗ್ಗಿ ಬರುತ್ತದೆಯೇ?" ಎಂದು ಕೇಳಿದರು.

ಇಂತಿ ನಿನ್ನ,
ಓಟ ಮುಗಿಸದ ಗೆಳೆಯ