ಎರಡು ಕಪ್ ಬಂದ ಮಾತ್ರಕ್ಕೆ ಸ್ವಿಸ್ ಲೀಗ್ ಮೊದಲನೆಯದೇ?

ಯುರೋಪಿನ ಐಸ್ ಹಾಕಿ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಹಾಕಿ ಲೀಗಿನ ಕಪ್ ಸತತ ಎರಡು ವರ್ಷ ನಾವಿರುವ ಈ ಸ್ವಿಟ್ಜರ್ಲೆಂಡಿಗೇ ಬಂದಿತು. 2024ರ ಫೆಬ್ರವರಿಯಲ್ಲಿ ಜಿನೀವಾ ಸರ್ವೆಟ್ ತಂಡ ಸ್ವೀಡನ್ನಿನ ಷೆಲೆಫ್ಟಿಯೊ ತಂಡವನ್ನು 3–2ರಿಂದ ಸೋಲಿಸಿತು. ಮರುವರ್ಷ ಅದೇ ತಿಂಗಳಲ್ಲಿ ಜೂರಿಕ್‌ನ ಝಡ್‌ಎಸ್‌ಸಿ ಲಯನ್ಸ್, ಸ್ವೀಡನ್ನಿನದೇ ಆದ ಫಾರ್ಯೆಸ್ತಾದ್ ವಿರುದ್ಧ 2–1ರಿಂದ ಗೆದ್ದಿತು. ನಮ್ಮ ಸಂಘದ ಮಕ್ಕಳಲ್ಲಿ ಹಲವರು ಇಲ್ಲಿನ ರಿಂಕ್‌ಗಳಲ್ಲಿಯೇ ಸ್ಕೇಟಿಂಗ್ ಕಲಿತವರು. ಯುರೋಪಿನಲ್ಲಿ ಸ್ವಿಸ್ ಲೀಗಿಗಿಂತ ಬಲವಾದದ್ದು ಇನ್ನೊಂದಿಲ್ಲ ಎಂದು ಅವರು ಈಗ ಗಟ್ಟಿಯಾಗಿ ಹೇಳುತ್ತಾರೆ. ಅವರ ಸಂತೋಷದಲ್ಲಿ ನಾನೂ ಪಾಲುದಾರ. ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ, ಏಕೆಂಬುದನ್ನು ಈ ಸಂಚಿಕೆಯಲ್ಲಿ ಬರೆಯಬೇಕೆನಿಸಿತು.

ಈಗಿನ ರೂಪದ ಚಾಂಪಿಯನ್ಸ್ ಹಾಕಿ ಲೀಗ್ ಆರಂಭವಾದದ್ದು 2014ರಲ್ಲಿ. ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿ, ಚೆಕ್ ಮತ್ತು ಆಸ್ಟ್ರಿಯಾದ ಲೀಗ್‌ಗಳು, ಅಲ್ಲಿನ ಕ್ಲಬ್‌ಗಳು ಮತ್ತು ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಸೇರಿ ಅದನ್ನು ಕಟ್ಟಿದವು. ಕೋವಿಡ್ ಕಾಲದ ಒಂದು ವರ್ಷ ಬಿಟ್ಟರೆ 2025ರವರೆಗೆ ಹತ್ತು ಆವೃತ್ತಿಗಳು ಪೂರ್ತಿಯಾಗಿವೆ. ಆ ಹತ್ತರಲ್ಲಿ ಆರು ಕಪ್ ಸ್ವೀಡನ್ನಿಗೆ ಹೋಗಿವೆ. ಫಿನ್ಲೆಂಡಿಗೆ ಎರಡು, ಸ್ವಿಟ್ಜರ್ಲೆಂಡಿಗೆ ಎರಡು. ಬೇರೆ ಯಾರಿಗೂ ಒಂದೂ ಸಿಕ್ಕಿಲ್ಲ. ಚೆಕ್‌ನ ಎರಡು ತಂಡಗಳು, ಪ್ರಾಗ್‌ನ ಸ್ಪಾರ್ಟಾ ಮತ್ತು ಹ್ರಾಡೆಟ್ಸ್ ಕ್ರಾಲೊವೆ, ಫೈನಲ್‌ನಲ್ಲಿ ಸೋತವು. ಜರ್ಮನಿಯಿಂದ ಫೈನಲ್ ಮುಟ್ಟಿದ್ದು 2019ರಲ್ಲಿ ಮ್ಯೂನಿಕ್ ಒಂದೇ.

ಕಪ್ ಲೆಕ್ಕವನ್ನು ಇಲ್ಲಿಗೇ ಬಿಟ್ಟು ಸೋತವರನ್ನೂ ಸೇರಿಸಿ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ಫೈನಲ್‌ಗಳಲ್ಲಿ ಸ್ವೀಡನ್ನಿನ ತಂಡವಿಲ್ಲದ ಫೈನಲ್ ಒಂದೂ ಇಲ್ಲ. 2015ರ ಮೊದಲ ಫೈನಲ್‌ನಲ್ಲಂತೂ ಎರಡೂ ಕಡೆ ಅವರೇ ಇದ್ದರು, ಲುಲೆಯೊ ತಂಡ ಫ್ರೊಲುಂಡಾವನ್ನು 4–2ರಿಂದ ಸೋಲಿಸಿತು. ಹತ್ತು ವರ್ಷಗಳಲ್ಲಿ ಫೈನಲ್ ತಲುಪಿದ ಸ್ವೀಡನ್ನಿನ ಕ್ಲಬ್‌ಗಳು ಲುಲೆಯೊ, ಫ್ರೊಲುಂಡಾ, ವೆಕ್‌ಷೊ, ರೋಗ್ಲೆ, ಷೆಲೆಫ್ಟಿಯೊ ಮತ್ತು ಫಾರ್ಯೆಸ್ತಾದ್: ಒಟ್ಟು ಆರು. ನಾಲ್ಕು ಕಪ್ ಗೆದ್ದ ಫ್ರೊಲುಂಡಾವನ್ನು ಪಟ್ಟಿಯಿಂದ ತೆಗೆದುಹಾಕಿದರೂ ಉಳಿದ ಐದು ಕ್ಲಬ್‌ಗಳ ಸಾಧನೆಯನ್ನು ಯಾವ ಲೀಗೂ ಸರಿಗಟ್ಟುವುದಿಲ್ಲ. ಲೀಗ್ ಒಂದರ ಬಲವನ್ನು ನಾನು ಅಳೆಯುವುದು ಹೀಗೆ. ಅತ್ಯುತ್ತಮ ತಂಡ ಎಲ್ಲ ಕಡೆಯೂ ಚೆನ್ನಾಗಿಯೇ ಆಡುತ್ತದೆ. ನಾಲ್ಕನೆಯ, ಆರನೆಯ ಸ್ಥಾನದ ತಂಡ ಹೊರಗೆ ಹೋಗಿ ಏನು ಮಾಡುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಫೈನಲ್ ಎನ್ನುವುದು ಒಂದೇ ಪಂದ್ಯ. ಅದಕ್ಕೂ ಮೊದಲಿನ ನಾಕೌಟ್ ಸುತ್ತುಗಳು ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂದು ಎರಡು ಪಂದ್ಯಗಳ ಒಟ್ಟು ಗೋಲುಗಳ ಮೇಲೆ ನಿರ್ಧಾರವಾಗುತ್ತವೆ. ಫೈನಲ್‌ನಲ್ಲಿ ಮಾತ್ರ ಅರವತ್ತು ನಿಮಿಷ, ಒಂದು ಊರು, ಒಬ್ಬ ಗೋಲ್‌ಕೀಪರನ ಒಂದು ಒಳ್ಳೆಯ ರಾತ್ರಿ. ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಯಾರದೋ ಸ್ಕೇಟಿಗೆ ತಾಗಿ ದಿಕ್ಕು ಬದಲಿಸಿದರೆ ವರ್ಷದ ಫಲಿತಾಂಶವೇ ಬದಲಾಗುತ್ತದೆ. ಜಿನೀವಾ ಗೆದ್ದದ್ದು ಜಿನೀವಾದಲ್ಲಿ, ಲಯನ್ಸ್ ಗೆದ್ದದ್ದು ಜೂರಿಕ್‌ನಲ್ಲಿ, ಅದೂ ಒಂದೊಂದೇ ಗೋಲಿನ ಅಂತರದಲ್ಲಿ. ಹಿಂದಿನ ಸುತ್ತುಗಳಲ್ಲಿ ಚೆನ್ನಾಗಿ ಆಡಿಯೇ ತವರಿನ ಫೈನಲ್ ಗಳಿಸಿಕೊಳ್ಳಬೇಕು, ಆದ್ದರಿಂದ ಇದನ್ನು ಅದೃಷ್ಟವೆಂದು ತಳ್ಳಿಹಾಕುವುದು ಅನ್ಯಾಯ. ಆದರೂ ಫ್ರೊಲುಂಡಾ 2016ರಲ್ಲಿ ಫಿನ್ಲೆಂಡಿನ ಔಲುವಿಗೆ ಹೋಗಿ ಕಾರ್ಪಾತ್ ತಂಡವನ್ನು, 2020ರಲ್ಲಿ ಹ್ರಾಡೆಟ್ಸ್ ಕ್ರಾಲೊವೆಗೆ ಹೋಗಿ ಅಲ್ಲಿನ ತಂಡವನ್ನು ಮಣಿಸಿತು. ಫಿನ್ಲೆಂಡಿನ ಜೆವೈಪಿ 2018ರಲ್ಲಿ ವೆಕ್‌ಷೊ ತಂಡದ ಅಂಗಳದಲ್ಲಿಯೇ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡದೆ 2–0ಯಿಂದ ಕಪ್ ಎತ್ತಿತು. ಆ ಗೆಲುವುಗಳಿಗೆ ನನ್ನ ಲೆಕ್ಕದಲ್ಲಿ ತೂಕ ಹೆಚ್ಚು.

ಒಂದು ಫಲಿತಾಂಶದಿಂದ ಇಡೀ ಲೀಗನ್ನು ಅಳೆಯುವುದು ಎಷ್ಟು ಅಪಾಯಕರ ಎಂಬುದನ್ನು ಜೂರಿಕ್‌ನವರೇ ಒಮ್ಮೆ ತೋರಿಸಿದ್ದಾರೆ. 2008–09ರಲ್ಲಿ ಇದೇ ಹೆಸರಿನ ಟೂರ್ನಿ ಒಂದೇ ಒಂದು ವರ್ಷ ನಡೆಯಿತು, ರಷ್ಯಾದ ಕ್ಲಬ್‌ಗಳೂ ಅದರಲ್ಲಿದ್ದವು. ಫೈನಲ್‌ನಲ್ಲಿ ಲಯನ್ಸ್ ತಂಡ ರಷ್ಯಾದ ಮಗ್ನಿತೊಗೋರ್ಸ್ಕ್ ತಂಡದ ವಿರುದ್ಧ ಮೊದಲ ಪಂದ್ಯವನ್ನು 2–2ರಲ್ಲಿ ಸಮ ಮಾಡಿಕೊಂಡು ಎರಡನೆಯದನ್ನು 5–0ಯಿಂದ ಗೆದ್ದಿತು. 2009ರ ಸೆಪ್ಟೆಂಬರಿನಲ್ಲಿ, ಯುರೋಪಿನ ಚಾಂಪಿಯನ್ ಮತ್ತು ಉತ್ತರ ಅಮೆರಿಕದ ತಂಡವೊಂದರ ನಡುವಿನ ವಿಕ್ಟೋರಿಯಾ ಕಪ್‌ಗಾಗಿ ಷಿಕಾಗೋ ಬ್ಲ್ಯಾಕ್‌ಹಾಕ್ಸ್ ತಂಡ ಜೂರಿಕ್‌ಗೆ ಬಂದು 2–1ರಿಂದ ಸೋತು ಹೋಯಿತು. ಮುಂದಿನ ಬೇಸಿಗೆಯಲ್ಲಿ ಅದೇ ಷಿಕಾಗೋ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಹಾಗೆಂದು ಸ್ವಿಸ್ ಲೀಗ್ ಎನ್‌ಎಚ್‌ಎಲ್‌ಗಿಂತ ದೊಡ್ಡದು ಎಂದು ಯಾರೂ ಹೇಳಲಿಲ್ಲ, ಹೇಳಬಾರದು ಕೂಡ.

ಸ್ವಿಸ್ ತಂಡಗಳ ಏಳಿಗೆಗೆ ಕಾರಣ ಹುಡುಕುವಾಗ ನನಗೆ ಮೊದಲು ಕಾಣುವುದು ಒಂದು ನಿಯಮ. ಪಂದ್ಯವೊಂದರಲ್ಲಿ ಆಡಿಸಬಹುದಾದ ವಿದೇಶಿ ಆಟಗಾರರ ಮಿತಿಯನ್ನು 2022–23ರಿಂದ ನಾಲ್ಕರಿಂದ ಆರಕ್ಕೆ ಏರಿಸಿದರು. ಅದರ ಎರಡನೆಯ ವರ್ಷವೇ ಜಿನೀವಾ ಯುರೋಪಿನ ಕಪ್ ಗೆದ್ದಿತು. ಆ ತಂಡದಲ್ಲಿ ವಾಲ್ತೆರಿ ಫಿಲ್ಪುಲಾ, ತೇಮು ಹಾರ್ತಿಕೈನೆನ್, ಸಾಮಿ ವಾತನೆನ್ ಇದ್ದರು. ಮೂವರೂ ಫಿನ್ಲೆಂಡಿನವರು, ಫಿಲ್ಪುಲಾ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಫಿನ್ಲೆಂಡ್ ತಂಡದ ನಾಯಕ. ಸ್ವಿಸ್ ಕ್ಲಬ್‌ಗಳು ಕೊಡುವ ಸಂಬಳವನ್ನು ಫಿನ್ಲೆಂಡಿನ ಕ್ಲಬ್‌ಗಳು ಕೊಡಲಾರವು. ಹೀಗಿರುವಾಗ ಜಿನೀವಾ ಗೆದ್ದದ್ದನ್ನು ಯಾವ ಲೀಗಿನ ಖಾತೆಗೆ ಬರೆಯಬೇಕು? ಆಟಗಾರನನ್ನು ಬೆಳೆಸಿದವರದ್ದಕ್ಕೋ, ಕರೆತಂದು ಆಡಿಸಿದವರದ್ದಕ್ಕೋ?

ಕ್ರಿಕೆಟ್ ನೋಡುತ್ತ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. 2009ರಿಂದ 2014ರವರೆಗೆ ನಡೆದ ಚಾಂಪಿಯನ್ಸ್ ಲೀಗ್ ಟ್ವೆಂಟಿ20 ನೆನಪಿರಬಹುದು. ಮೊದಲ ವರ್ಷ ಕೀರನ್ ಪೊಲಾರ್ಡ್ ಆಡಿದ ಟ್ರಿನಿಡಾಡ್ ಮತ್ತು ಟೊಬಾಗೊ ತಂಡ ಫೈನಲ್‌ವರೆಗೆ ಬಂದು ಎಲ್ಲರ ಮನ ಗೆದ್ದಿತು. ಆಮೇಲೆ ಪೊಲಾರ್ಡ್ ಮುಂಬೈ ಇಂಡಿಯನ್ಸ್ ಪರವಾಗಿ ಅದೇ ಟೂರ್ನಿಗೆ ಬಂದ. ಆರು ಕಪ್‌ಗಳಲ್ಲಿ ನಾಲ್ಕು ಐಪಿಎಲ್ ತಂಡಗಳ ಪಾಲಾದವು. 2011ರಲ್ಲಂತೂ ಫೈನಲ್‌ನ ಎರಡೂ ತಂಡ ಐಪಿಎಲ್‌ನವೇ, ನಮ್ಮ ಬೆಂಗಳೂರು ಚೆನ್ನೈನಲ್ಲಿ ಮುಂಬೈಗೆ ಸೋತ ಆ ರಾತ್ರಿಯ ನೋವು ಈಗಲೂ ಇದೆ. ಹಣವಿದ್ದ ಲೀಗ್ ಗೆದ್ದಿತು, ನಿಜ. ಆದರೆ ಟ್ರಿನಿಡಾಡ್ ಕ್ರಿಕೆಟ್ ದುರ್ಬಲವಾಗಿತ್ತೆಂದು ಅದರಿಂದ ಸಾಬೀತಾಗಲಿಲ್ಲ.

ಆದ್ದರಿಂದಲೇ ಫಿನ್ಲೆಂಡಿನ ಬಗ್ಗೆ ನನಗೆ ವಿಶೇಷ ಗೌರವ. ಕಾರ್ಪಾತ್, ಜೆವೈಪಿ, ತಪ್ಪರಾ, ಮೂರೂ ಫೈನಲ್ ಕಂಡಿವೆ. ತಪ್ಪರಾ 2022ರಲ್ಲಿ ರೋಗ್ಲೆ ವಿರುದ್ಧ ಸೋತು, ಮರುವರ್ಷವೇ ಲುಲೆಯೊ ತಂಡವನ್ನು 3–2ರಿಂದ ಸೋಲಿಸಿ ಕಪ್ ಪಡೆಯಿತು. ಆಟಗಾರರನ್ನು ಒಂದು ಕಡೆ ಎನ್‌ಎಚ್‌ಎಲ್‌ಗೆ, ಇನ್ನೊಂದು ಕಡೆ ಸ್ವಿಟ್ಜರ್ಲೆಂಡಿಗೆ ಕಳೆದುಕೊಳ್ಳುತ್ತಲೇ ಮಾಡಿದ ಸಾಧನೆಯಿದು.

ಸ್ವೀಡನ್ನಿನ ಲೀಗಿಗೆ ಇನ್ನೊಂದು ಬಲವಿದೆ: ಕೆಳಗೆ ಬೀಳುವ ಭಯ. ದೇಶದಲ್ಲಿ ಅತಿ ಹೆಚ್ಚು ಪ್ರಶಸ್ತಿ ಗೆದ್ದ, 1991 ಮತ್ತು 1992ರಲ್ಲಿ ಹಳೆಯ ಯುರೋಪಿಯನ್ ಕಪ್ ಕೂಡ ಎತ್ತಿದ ಯೂರ್ಗೋರ್ಡೆನ್ ತಂಡ 2022ರಲ್ಲಿ ಎರಡನೆಯ ದರ್ಜೆಗೆ ಕುಸಿಯಿತು, ಮೇಲೆ ಬರಲು 2025 ಆಗಬೇಕಾಯಿತು. ಬ್ರೂನೆಸ್ 2023ರಲ್ಲಿ ಬಿದ್ದು, ಒಂದೇ ವರ್ಷದಲ್ಲಿ ಎದ್ದು, 2025ರಲ್ಲಿ ದೇಶದ ಫೈನಲ್ ಆಡಿತು. ಎಂಗೆಲ್‌ಹೋಲ್ಮ್ ಎಂಬ ಸಣ್ಣ ಊರಿನ ರೋಗ್ಲೆ 2015ರಲ್ಲಿ ಮೇಲಿನ ದರ್ಜೆಗೆ ಮರಳಿ, 2022ರಲ್ಲಿ ಯುರೋಪನ್ನೇ ಗೆದ್ದಿತು. ಕೊನೆಯ ಸ್ಥಾನದ ತಂಡವೂ ಪ್ರಾಣ ಪಣಕ್ಕಿಟ್ಟು ಆಡುವ ಲೀಗಿನಲ್ಲಿ ಯಾವ ವಾರವೂ ಸುಲಭದ್ದಲ್ಲ.

ನನ್ನ ಅಳತೆಗೂ ಮಿತಿಗಳಿವೆ. ಆರಂಭದ ಪಂದ್ಯಗಳು ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ, ದೇಶೀಯ ಲೀಗ್‌ಗಳು ಇನ್ನೂ ಶುರುವಾಗುವ ಹೊತ್ತಿನಲ್ಲಿ ನಡೆಯುತ್ತವೆ. ಅದನ್ನು ತಯಾರಿ ಎಂದು ನೋಡುವ ತರಬೇತುದಾರರೂ ಇದ್ದಾರೆ. 2023–24ರಿಂದ ತಂಡಗಳ ಸಂಖ್ಯೆ 32ರಿಂದ 24ಕ್ಕೆ ಇಳಿದಿದೆ, ಪ್ರತಿ ತಂಡ ಆರು ಬೇರೆಬೇರೆ ಎದುರಾಳಿಗಳೊಡನೆ ಆಡಿ ಒಂದೇ ಅಂಕಪಟ್ಟಿಯಲ್ಲಿ ನಿಲ್ಲುತ್ತದೆ, ಮೊದಲ ಹದಿನಾರು ಮುಂದಕ್ಕೆ ಹೋಗುತ್ತವೆ. ಯಾರಿಗೆ ಯಾವ ಆರು ಎದುರಾಳಿಗಳು ಸಿಕ್ಕರು ಎಂಬುದರ ಮೇಲೂ ಸ್ಥಾನ ನಿಲ್ಲುವುದರಿಂದ ಹೋಲಿಕೆ ಸ್ವಲ್ಪ ಕಷ್ಟವಾಗಿದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ರಷ್ಯಾದ್ದು. ಹಳೆಯ ಯುರೋಪಿಯನ್ ಕಪ್ಪನ್ನು ಮಾಸ್ಕೋದ ಸಿಎಸ್‌ಕೆಎ ಇಪ್ಪತ್ತು ಬಾರಿ ಗೆದ್ದಿತ್ತು. ಈಗಿನ ಟೂರ್ನಿಯಲ್ಲಿ ರಷ್ಯಾದ ದೊಡ್ಡ ಲೀಗಾದ ಕೆಎಚ್‌ಎಲ್‌ನ ಕ್ಲಬ್‌ಗಳು ಮೊದಲಿನಿಂದಲೂ ಇಲ್ಲ, 2022ರಿಂದ ರಷ್ಯಾದ ತಂಡಗಳನ್ನು ಅಂತಾರಾಷ್ಟ್ರೀಯ ಒಕ್ಕೂಟವೇ ಹೊರಗಿಟ್ಟಿದೆ. ಉಕ್ರೇನ್ ಮೇಲಿನ ದಾಳಿಯ ನಂತರ ಹೊರಗಿಟ್ಟದ್ದು ಸರಿಯೆಂದೇ ನನ್ನ ನಿಲುವು. ಆದರೆ ಲೆಕ್ಕದ ಮಟ್ಟಿಗೆ, ನಾವು ಹೋಲಿಸುತ್ತಿರುವುದು ರಷ್ಯಾ ಬಿಟ್ಟ ಯುರೋಪನ್ನು.

ಹಾಗಾಗಿ ನಮ್ಮ ಮಕ್ಕಳಿಗೆ ನನ್ನ ಉತ್ತರ ಇದು: ಮೊದಲ ಸ್ಥಾನ ಸ್ವೀಡನ್ನಿಗೆ. ಎರಡನೆಯದಕ್ಕೆ ಸ್ವಿಟ್ಜರ್ಲೆಂಡ್ ಮತ್ತು ಫಿನ್ಲೆಂಡ್ ನಡುವೆ ನಿಜವಾದ ಪೈಪೋಟಿಯಿದೆ, ಈಚಿನ ವರ್ಷಗಳನ್ನು ನೋಡಿದರೆ ಸ್ವಿಸ್ ಕಡೆಗೆ ತುಸು ವಾಲುತ್ತೇನೆ. ಒಪ್ಪದವರು ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅವರಿಗಾಗಿ ಕಾದಿರಿಸಿದ್ದೇನೆ. ಬರೆಯುವ ಮೊದಲು ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ತಂಡವೊಂದು ಇಲ್ಲಿಗೆ ಬಂದಾಗ ಹೋಗಿ ನೋಡಿ, ಫ್ರೊಲುಂಡಾ ಅಲ್ಲದ ತಂಡವಾದರೆ ಇನ್ನೂ ಒಳ್ಳೆಯದು.