ಉತ್ತರ ದಿಕ್ಕಿಗೆ ಆಮೆ ತರೋ ಮುಂಚೆ

ಸಂಪಾದಕರೇ ನಮಸ್ಕಾರ,

ಹೋದ ಭಾನುವಾರ ನಿಮ್ಮ ವಾಸ್ತು ಅಂಕಣದೋರು ಮನೆ ಉತ್ತರ ದಿಕ್ಕಲ್ಲಿ ನೀರಾಮೆ ಸಾಕಿದ್ರೆ ದುಡ್ಡು ನಿಲ್ಲುತ್ತೆ ಅಂತ ಬರ್ದಿದ್ರು. ನಾನು ಕಾಫಿ ಮುಗಿಸೋದ್ರೊಳಗೆ ನಮ್ಮತ್ತಿಗೆ ಅದರ ಫೋಟೋ ವಾಟ್ಸಾಪ್‌ಗೆ ಹಾಕಿ "ನಿಮ್ಮನೇಲಿದ್ಯಲ್ಲ, ಎಲ್ಲಿ ತಂದ್ರಿ" ಅಂತ ಕೇಳಿದ್ರು. ಅವರಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ, ಸ್ವಲ್ಪ ಉದ್ದ ಆಗ್ಬೋದು.

2013ರಲ್ಲಿ ಮಗಳು ಯುಕೆಜಿ. ಅವಳ ಹಠಕ್ಕೆ ಅಕ್ವೇರಿಯಂ ಅಂಗಡಿಯಿಂದ ರೂಪಾಯಿ ನಾಣ್ಯದಷ್ಟು ಅಗಲದ ಹಸಿರು ಮರಿ ತಂದ್ವಿ, ಜೊತೆಗೆ ಪ್ಲಾಸ್ಟಿಕ್ ತೆಂಗಿನಮರ ಇರೋ ಒಂದು ಡಬ್ಬಿ, ಒಣ ಸಿಗಡಿ ಪ್ಯಾಕೆಟ್ಟು. "ಜಪಾನ್ ಆಮೆ ಸಾರ್, ಇಷ್ಟೇ ಇರುತ್ತೆ, ಬೆಳೆಯಲ್ಲ" ಅಂದ ಅಂಗಡಿಯೋನು. ಜಪಾನೂ ಇಲ್ಲ ಗಿಪಾನೂ ಇಲ್ಲ, ಕಿವಿ ಹತ್ರ ಕೆಂಪು ಪಟ್ಟೆ ಇರೋ ಇದು ರೆಡ್ ಇಯರ್ಡ್ ಸ್ಲೈಡರ್, ಮೂಲ ಅಮೆರಿಕದ ಮಿಸಿಸಿಪ್ಪಿ ಕಣಿವೆ. ಆ ಅಮೆರಿಕದಲ್ಲೇ 4 ಇಂಚಿಗಿಂತ ಚಿಕ್ಕ ಆಮೆನ ಸಾಕೋದಕ್ಕೆ ಅಂತ ಮಾರಬಾರ್ದು ಅಂತ 1975ರಿಂದ ಕಾನೂನಿದೆ, ಯಾಕಂದ್ರೆ ಮಕ್ಕಳು ಮುಟ್ಟಿ ಬಾಯಿಗೆ ಕೈ ಹಾಕಿ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಅಂಟಿಸ್ಕೊತಿದ್ರು. ನಮ್ಮಲ್ಲಿ ಕೈ ತೊಳ್ಕೊಳಿ ಅಂತ ಹೇಳೋರೂ ಇರ್ಲಿಲ್ಲ.

ಆ ಮರಿಗೆ ಗುಂಡಣ್ಣ ಅಂತ ಹೆಸರಿಟ್ಟಿದ್ವಿ. ಆರನೇ ತಿಂಗಳಿಗೆ ಅದರ ಎರಡೂ ಕಣ್ಣು ಊದ್ಕೊಂಡು ಮುಚ್ಚೋಯ್ತು. ಚಿಪ್ಪು ಒತ್ತಿದ್ರೆ ನೆಂದ ರಟ್ಟಿನ ಥರ ಒಳಗೆ ಹೋಗ್ತಿತ್ತು, ಊಟ ಪೂರ್ತಿ ಬಿಟ್ಟಿತ್ತು. ನಾಯಿ ಬೆಕ್ಕು ನೋಡೋ ಡಾಕ್ಟ್ರಿಗೆ ಆಮೆ ಬಗ್ಗೆ ಗೊತ್ತಿರಲ್ಲ, ಮೂರು ಕಡೆ ಅಲೆದ ಮೇಲೆ ಗೊತ್ತಿರೋರು ಒಬ್ಬರು ಸಿಕ್ರು. ಬರೀ ಸಿಗಡಿ ಹಾಕಿ ಹಾಕಿ ವಿಟಮಿನ್ ಎ ಇಲ್ಲ, ಬಿಸಿಲಿಲ್ದೆ ಕ್ಯಾಲ್ಸಿಯಂ ಇಲ್ಲ ಅಂದ್ರು. "ಕಿಟಕಿ ಪಕ್ಕನೇ ಇಟ್ಟಿದೀನಲ್ಲ ಡಾಕ್ಟ್ರೇ" ಅಂದ್ರೆ ನಕ್ಕರು. ಗಾಜು ದಾಟಿ ಬೆಳಕು ಬರುತ್ತಂತೆ, ಬಿಸಿಲಲ್ಲಿರೋ, ಆಮೆಗೆ ಬೇಕಾಗಿರೋ ಯುವಿಬಿ ಅನ್ನೋ ಕಿರಣ ಬರಲ್ವಂತೆ! ನೇರ ಬಿಸಿಲು ಬೇಕು, ಇಲ್ಲಾಂದ್ರೆ ಯುವಿಬಿ ಬಲ್ಬು, ಅದನ್ನೂ ಉರೀತಿದೆ ಅಂತ ಬಿಡೋ ಹಾಗಿಲ್ಲ, ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು.

ಈಗ ಅದು 10 ಇಂಚು. ಚಿಪ್ಪಿನ ಒಂದಿಂಚಿಗೆ ಹೆಚ್ಚುಕಮ್ಮಿ 38 ಲೀಟರ್ ನೀರು ಅನ್ನೋ ಲೆಕ್ಕ, ಅದಕ್ಕೇ ತಾರಸಿ ಮೇಲೆ ಸಿಮೆಂಟ್ ತೊಟ್ಟಿ ಕಟ್ಟಿಸಿ, ಅರ್ಧಕ್ಕೆ ನೆರಳು ಮಾಡಿ, ಮೈ ಒಣಗಿಸ್ಕೊಳಕ್ಕೆ ಒಂದು ಚಪ್ಪಡಿ ಇಟ್ಟಿದೀವಿ. ಫಿಲ್ಟರ್ ಇದ್ರೂ ವಾರಕ್ಕೊಂದಿನ ನೀರು ಬದಲಾಯಿಸೋ ಕೆಲಸ ನಂದೇ, ಒಂದ್ವಾರ ಮರೆತ್ರೆ ವಾಸನೆ ಪಕ್ಕದ ಮನೆ ತನಕ ಹೋಗುತ್ತೆ. ಊಟ ನೀರೊಳಗೇ ಹಾಕ್ಬೇಕು, ನೆಲದ ಮೇಲಿಟ್ರೆ ಅದಕ್ಕೆ ನುಂಗಕ್ಕೆ ಬರಲ್ಲ. ಅಂಗಡೀಲಿ ಸಿಗೋ ಆಮೆ ತಿಂಡಿ ಪೆಲೆಟ್ಟು, ದಾಸವಾಳದ ಎಲೆ, ಕ್ಯಾರೆಟ್ ತುರಿ ಕೊಡ್ತೀವಿ. ಪಾಲಕ್ ಮಾತ್ರ ಬೇಡ, ಅದು ಮೈಗೆ ಸೇರೋ ಹಾಗಿಲ್ದೆ ಕ್ಯಾಲ್ಸಿಯಂ ಹಿಡ್ಕೊಂಡ್‌ಬಿಡುತ್ತೆ.

ಇದರ ಮಧ್ಯೆ ಒಂದಿನ ಗುಂಡಣ್ಣ ಊಟ ಬಿಟ್ಟು ತೊಟ್ಟಿಯಿಂದ ಹೊರಗೆ ಬರಕ್ಕೆ ಒದ್ದಾಡ್ತಿತ್ತು. ಎತ್ತಿ ಹೊರಗೆ ಬಿಟ್ವಿ. ನೆಲಕ್ಕೆ ಸಮ ಇದ್ದ ಕರಿಬೇವಿನ ಪಾತಿಗೆ ಸೀದಾ ಹೋಗಿ ಹಿಂಗಾಲಲ್ಲಿ ಮಣ್ಣು ಕೆರೆದು, ಮೂತ್ರ ಮಾಡಿ ಮಣ್ಣು ಮೆತ್ತಗೆ ಮಾಡ್ಕೊಂಡು, ಏಳು ಮೊಟ್ಟೆ ಇಟ್ಟು ಮುಚ್ಚಿ ಬಂತು. ಗಂಡು ಇಲ್ದೇನೂ ಮೊಟ್ಟೆ ಇಡುತ್ತೆ, ಮರಿ ಆಗಲ್ಲ ಅಷ್ಟೆ. ಅಗೆಯಕ್ಕೆ ಮಣ್ಣು ಸಿಗ್ಲಿಲ್ಲ ಅಂದ್ರೆ ಮೊಟ್ಟೆ ಒಳಗೇ ಸಿಕ್ಕಾಕ್ಕೊಂಡು ಜೀವಕ್ಕೇ ಅಪಾಯ. ಅವತ್ತಿಂದ ಅದು ಗುಂಡಮ್ಮ.

ಇಷ್ಟು ಕಷ್ಟ ಯಾಕೆ, ಕೆರೆಗೆ ಬಿಡಿ, ಕಲ್ಯಾಣಿಗೆ ಬಿಡಿ, ಪುಣ್ಯ ಅಂತ ಹೇಳೋರು ಬೇಕಾದಷ್ಟು ಜನ. ಹೊರಗಿಂದ ಬಂದು ಅಲ್ಲಿನ ಜೀವಿಗಳ ಜಾಗ ಕಿತ್ಕೊಳೋ ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟೀಲಿ ಇದರ ಹೆಸರಿದೆ ಸ್ವಾಮಿ. ಅಸ್ಸಾಮಿನ ದೊಡ್ಡ ಕೆರೆ ದೀಪೋರ್ ಬೀಲ್‌ನಲ್ಲೂ ಸಿಕ್ಕಿದೆ, ಕೇರಳದ ಪೀಚಿಯಲ್ಲಿರೋ ಅರಣ್ಯ ಸಂಶೋಧನಾ ಸಂಸ್ಥೆಯವ್ರು ಹೊರಗೆ ಬಿಡಬೇಡಿ, ನಮಗೇ ತಂದ್ಕೊಡಿ ಅಂತ ಜನರನ್ನ ಕೇಳ್ಕೊಂಡಿದ್ರು. ನಮ್ಮ ಕೆರೆ ಆಮೆ ಬಿಸಿಲು ಕಾಯೋ ಕಲ್ಲು, ತಿನ್ನೋ ತುತ್ತು ಎಲ್ಲಾನೂ ಇದು ಕಿತ್ಕೊಳುತ್ತೆ. ಹಾಗಂತ ಅಂಕಣ ಓದಿದೋರು ಗದ್ದೆ ಬದೀಲಿ ಸಿಕ್ಕ ಆಮೆನೋ, ಯಾರೋ ಗುಟ್ಟಾಗಿ ಮಾರೋ ನಕ್ಷತ್ರ ಆಮೆನೋ ಮನೆಗೆ ತಂದ್ರೆ ವನ್ಯಜೀವಿ ಕಾಯ್ದೆ ಪ್ರಕಾರ ಜೈಲೇ.

ಚೆನ್ನಾಗಿ ನೋಡ್ಕೊಂಡ್ರೆ ಇದು 30 ವರ್ಷ ಬದುಕುತ್ತೆ. ಮಗಳು ಈಗ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೊರಟಿದಾಳೆ, ಹಾಸ್ಟೆಲಲ್ಲಿ ಆಮೆಗೆ ಜಾಗ ಇಲ್ಲ. ದುಡ್ಡು ನಿಲ್ಲೋ ವಿಚಾರ ಕೇಳ್ಬೇಡಿ, ತೊಟ್ಟಿ, ಫಿಲ್ಟರ್, ಡಾಕ್ಟ್ರು ಅಂತ ಹೋಗಿರೋದರಲ್ಲಿ ಒಂದು ಸ್ಕೂಟರ್ ಬರ್ತಿತ್ತು.

ಮುಂದಿನ ಸಲ ಅಂಕಣದೋರು ಆಮೆ ಅಂತ ಬರೆಯೋವಾಗ ಪಕ್ಕದಲ್ಲೇ "ಹಿತ್ತಾಳೇದು" ಅಂತ ಒಂದು ಪದ ಸೇರಿಸಕ್ಕೆ ಹೇಳಿ. ಅತ್ತಿಗೆಗೂ ಅದನ್ನೇ ಕೊಡಿಸಿದೀನಿ.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು