ಬಿಡದ ಹೊಟ್ಟೆ ಉಬ್ಬರ, ಗ್ಯಾಸ್ ಅಂತ ಸುಮ್ನಿರ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕುಮಟಾ, ಅಂಕೋಲಾ ಕಡೆ ಹೆಂಗಸ್ರು ಹೊಟ್ಟೆ ಉಬ್ಬರ ಅಂದ್ರೆ ಜೀರಿಗೆ ಕಷಾಯ ಕುಡ್ದು ಸುಮ್ನಾಗ್ಬಿಡ್ತಾರೆ, ಅದಕ್ಕೇ ಉಬ್ಬರ ಒಂದು ಲಕ್ಷಣವಾಗಿರೋ ಅಂಡಾಶಯದ ಕ್ಯಾನ್ಸರ್ ಬಗ್ಗೆ ಬರೀತಿದ್ದೀನಿ. ಇದು ರಕ್ತದ ಮೂಲಕಕ್ಕಿಂತ ಹೆಚ್ಚಾಗಿ ಹೊಟ್ಟೆ ಒಳಗೇ ಹರಡುತ್ತೆ, ಜೀವಕೋಶಗಳು ಗಡ್ಡೆಯಿಂದ ಕಳಚ್ಕೊಂಡು ಹೊಟ್ಟೆಯೊಳಗಿನ ನೀರಲ್ಲಿ ಸಣ್ಣ ಸಣ್ಣ ಗುಂಪಾಗಿ ತೇಲ್ತಾ ಹೋಗಿ ಒಳಪೊರೆಗೆ, ಕರುಳಿನ ಮುಂದಿರೋ ಕೊಬ್ಬಿನ ಪದರಕ್ಕೆ, ಬಂಡೆಗೆ ನೀಲಿಕಲ್ಲು ಚಿಪ್ಪುಗಳು ಕಚ್ಕೊಂಡ ಹಾಗೆ ಕಚ್ಕೊಳ್ತವೆ. ಈ ಅಂಟಿಸೋ ಕೆಲಸ ಕೋಶದ ಮೇಲ್ಮೈಲಿರೋ ಪ್ರೋಟೀನ್‌ಗಳದ್ದು. ಕ್ಯಾಡ್ಹೆರಿನ್‌ಗಳು ಕೋಶಗಳನ್ನ ಒಟ್ಟಿಗೆ ಹಿಡಿದು ಗುಂಪು ಒಡೀದ ಹಾಗೆ ನೋಡ್ಕೊಳ್ತವೆ, ಇಂಟೆಗ್ರಿನ್, ಸಿಡಿ44 ಹೊಸ ಜಾಗದಲ್ಲಿ ಹಿಡಿತ ಸಿಗೋಕೆ ಸಹಾಯ ಮಾಡ್ತವೆ. ನಂಗೆ ತುಂಬಾ ಆಶ್ಚರ್ಯ ಆಗಿದ್ದು, ಈ ಕ್ಯಾನ್ಸರ್ ಅನುಮಾನ ಬಂದಾಗ ಡಾಕ್ಟ್ರು ಬರೆಯೋ ಸಿಎ-125 ರಕ್ತ ಪರೀಕ್ಷೆ ಇದ್ಯಲ್ಲ, ಅದ್ರಲ್ಲಿ ಅಳೆಯೋ ಪ್ರೋಟೀನೇ ಒಳಪೊರೆಯ ಮೆಸೊಥೆಲಿನ್ ಅನ್ನೋ ಇನ್ನೊಂದು ಪ್ರೋಟೀನ್‌ಗೆ ಅಂಟ್ಕೊಂಡು ಕ್ಯಾನ್ಸರ್ ಹರಡೋಕೆ ದಾರಿ ಮಾಡುತ್ತಂತೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗಡೆ ಬೆಳೆಯೋ ತೊಂದರೆ) ಇದ್ರೂ, ಮುಟ್ಟಿನ ಸಮಯದಲ್ಲೂ ಈ ಸಿಎ-125 ಮಟ್ಟ ಏರಬಹುದು, ಹಾಗಾಗಿ ಆ ಒಂದೇ ರಿಪೋರ್ಟ್ ನೋಡಿ ಹೆದ್ರೋದು ಬೇಡ, ಸ್ಕ್ಯಾನಿಂಗೂ ಬೇಕು.

ಹೆಚ್ಚಿನವ್ರಿಗೆ ಗೊತ್ತಾಗೋದೇ ಹರಡಿದ ಮೇಲೆ. ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬೋದು, ಪದೇ ಪದೇ ಮೂತ್ರ, ಇವು ಕೆಲವು ವಾರ ಬಿಡದೇ ಇದ್ರೆ ದಯವಿಟ್ಟು ತೋರಿಸ್ಕೊಳ್ಳಿ, ಮುಟ್ಟು ನಿಂತವ್ರಂತೂ ತಡ ಮಾಡ್ಲೇಬೇಡಿ. ಘಟ್ಟ ಹತ್ತಿ ಹುಬ್ಬಳ್ಳಿಗೋ ಇತ್ತ ಮಣಿಪಾಲಕ್ಕೋ ಹೋಗೋಕೆ ದುಡ್ಡು, ಜೊತೆಗೆ ಬರೋ ಜನ ಹೊಂದಿಸೋದ್ರಲ್ಲೇ ತಿಂಗಳು ಕಳೆಯುತ್ತೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟೋ ವರ್ಷದಿಂದ ಕೇಳ್ತಿದ್ದೀವಿ, ಅದು ಬರೋವರೆಗಾದ್ರೂ ಪ್ರತಿ ತಾಲೂಕು ಆಸ್ಪತ್ರೆಲಿ ಸ್ಕ್ಯಾನಿಂಗ್ ಡಾಕ್ಟ್ರು ದಿನಾ ಸಿಗೋ ಹಾಗೆ ಮಾಡಿ ಅಂತ ಶಾಸಕರಲ್ಲಿ ಕೇಳ್ಕೊಳ್ತೀನಿ.

– ಓದುಗಿ, ಕುಮಟಾ